ಹಳೆ ಕಾರಿನ ಸೆಟ್ಟನ್ನು ಗುಜರಿಗೆ ಹಾಕುವ ಮುನ್ನ

ಮಾನ್ಯ ಸಂಪಾದಕರೇ,

ಕೊಡಗಿನ ಗೋಣಿಕೊಪ್ಪಲಿನಲ್ಲಿ ನಾನು 1992ರಿಂದ ವಾಹನಗಳ ವೈರಿಂಗ್ ಕೆಲಸ ಮಾಡಿಕೊಂಡು ಬಂದವನು. ಆಯುಧಪೂಜೆಗೆ ಒಂದು ವಾರ ಮುಂಚೆ ಗುಜರಿಯವರೊಬ್ಬರು ನನ್ನ ಅಂಗಡಿ ಮುಂದೆ ಗಾಡಿ ನಿಲ್ಲಿಸಿ, ಒಂದು ಗೋಣಿಚೀಲ ಇಳಿಸಿ, 'ಅಣ್ಣಾ, ಇದರಲ್ಲಿ ತಾಮ್ರ ಎಷ್ಟು ಸಿಗಬಹುದು, ಸ್ವಲ್ಪ ನೋಡಿ' ಅಂದರು. ಚೀಲದಲ್ಲಿ ಏಳು ಕಾರ್ ಸ್ಟೀರಿಯೊಗಳಿದ್ದವು. ಐದು ಕ್ಯಾಸೆಟ್ಟಿನವು, ಎರಡು ಸಿಡಿಯವು. ಏಳರ ಹಿಂದೆಯೂ ವೈರುಗಳನ್ನು ಒಟ್ಟಿಗೆ ಹಿಡಿದು ಕಟಿಂಗ್ ಪ್ಲೇಯರಿನಲ್ಲಿ ಕತ್ತರಿಸಿದ ಗುರುತು. ತೂಕದ ಲೆಕ್ಕದಲ್ಲಿ ದುಡ್ಡು ಕೊಟ್ಟು ಅಷ್ಟನ್ನೂ ಇಟ್ಟುಕೊಂಡೆ.

ರಾತ್ರಿ ಬಾಗಿಲು ಹಾಕಿದ ಮೇಲೆ ಒಂದೊಂದನ್ನೇ ಬೆಂಚಿನ ಮೇಲಿಟ್ಟು ಬ್ಯಾಟರಿಗೆ ಹಚ್ಚಿದೆ. ಹಳದಿ, ಕೆಂಪು ವೈರುಗಳೆರಡನ್ನೂ ಸೇರಿಸಿ ಪ್ಲಸ್ಸಿಗೆ, ಕಪ್ಪನ್ನು ಮೈನಸ್ಸಿಗೆ, ಸ್ಪೀಕರಿಗೆ ಒಂದು ಜೋಡಿ ವೈರು, ಏರಿಯಲ್ ತೂತಿಗೆ ಮುಕ್ಕಾಲು ಮೀಟರ್ ತಂತಿ. ಏಳರಲ್ಲಿ ಐದು ಸೆಟ್ಟುಗಳಲ್ಲಿ ಮಡಿಕೇರಿ ಆಕಾಶವಾಣಿ ಎಫ್‌ಎಂ 103.1ರಲ್ಲಿ ಸ್ವಚ್ಛವಾಗಿ ಬಂತು. ಹಾಳಾಗಿವೆಯೆಂದು ಕಿತ್ತು ಬಿಸಾಡಿದ ಸೆಟ್ಟುಗಳು ಇವು. ಅಂದರೆ ಕಂಪ್ಲೇಂಟ್ ಇದ್ದದ್ದು ಸೆಟ್ಟಿನಲ್ಲಲ್ಲ, ಕಾರಿನಲ್ಲಿ. ಈ ಮಾತನ್ನು ನಾನು ಗಿರಾಕಿಗಳಿಗೆ ಒಬ್ಬೊಬ್ಬರಿಗೇ ಹೇಳುತ್ತ ಬಂದಿದ್ದೇನೆ. ಇಡೀ ಜಿಲ್ಲೆಗೆ ಹೇಳಬೇಕು ಅನ್ನಿಸಿ ನಿಮಗೆ ಬರೆಯುತ್ತಿದ್ದೇನೆ. ಬರೆಯಲು ಇನ್ನೊಂದು ಕಾರಣವೂ ಇದೆ, ಅದನ್ನು ಕೊನೆಗೆ ಹೇಳುತ್ತೇನೆ.

ನಮ್ಮ ಕೊಡಗಿನಲ್ಲಿ ಹಳೆ ಕಾರುಗಳಿಗೆ ಬರಗಾಲವಿಲ್ಲ. ತೋಟದ ಮನೆಗಳ ಶೆಡ್ಡಿನಲ್ಲಿ ಮಾರುತಿ 800, ಝೆನ್, ಎಸ್ಟೀಮ್, ಓಮ್ನಿ ಇನ್ನೂ ಇವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಅವು ಹೊರಗೆ ಬರುವುದೇ ಕಡಿಮೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಗೋಡೆಗೆ ಒರಗಿಸಿದ ಕೊಡೆಗೇ ಬೂಷ್ಟು ಬರುವಾಗ, ಡ್ಯಾಶ್‌ಬೋರ್ಡಿನ ಹಿಂದೆ ಇರುವ ಕನೆಕ್ಷನ್ನುಗಳ ಗತಿ ಹೇಳಬೇಕಾಗಿಲ್ಲ. ಹಿತ್ತಾಳೆಯ ಪಿನ್ನಿನ ಮೇಲೆ ಹಸಿರು ಪಾಚಿಯಂಥ ಪುಡಿ ಕೂರುತ್ತದೆ. ಮಳೆ ಬಿಟ್ಟ ಮೇಲೆ ಕೀ ತಿರುಗಿಸಿದರೆ ಸೆಟ್ಟಿನ ಲೈಟು ಹತ್ತುವುದಿಲ್ಲ, ಹತ್ತಿದರೆ ಕರಕರ ಶಬ್ದ ಬರುತ್ತದೆ. ಮನೆಯವರು ಪೇಟೆಗೆ ತರುತ್ತಾರೆ. ಅಂಗಡಿಯವರು 'ಇದು ಹಳೇದು ಸಾರ್, ಹೋಯಿತು, ಸ್ಕ್ರೀನ್ ಇರುವ ಹೊಸ ಸೆಟ್ಟು ಹಾಕಿಸಿ' ಎನ್ನುತ್ತಾರೆ. ಪಿನ್ನು ಉಜ್ಜಿ ನೋಡುವುದಕ್ಕೆ ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷವನ್ನು ಯಾರೂ ಕೊಡುವುದಿಲ್ಲ.

ನನ್ನ ಅನುಭವದಲ್ಲಿ ಹೆಚ್ಚಿನ ಕಂಪ್ಲೇಂಟುಗಳು ಮೂರು ಕಡೆಯಿಂದಲೇ ಬರುವುದು: ಅರ್ತ್, ಏರಿಯಲ್, ಫ್ಯೂಸ್. ಅರ್ತಿನ ವಿಷಯ ಮೊದಲು ಹೇಳುತ್ತೇನೆ. ಕಾರಿನಲ್ಲಿ ಮೈನಸ್ ಎಂದರೆ ಬಾಡಿಯೇ. ಸೆಟ್ಟಿನ ಕಪ್ಪು ವೈರನ್ನು ಡ್ಯಾಶ್‌ಬೋರ್ಡಿನ ಒಳಗೆ ಒಂದು ಬೋಲ್ಟಿಗೆ ಬಿಗಿದಿರುತ್ತಾರೆ. ಅಲ್ಲಿ ತುಕ್ಕು ಹಿಡಿದರೆ ಸೆಟ್ಟಿಗೆ ಕರೆಂಟು ಬರುತ್ತದೆ, ಹಿಂತಿರುಗಿ ಹೋಗುವ ದಾರಿ ಸರಿ ಇರುವುದಿಲ್ಲ. ಆಕ್ಸಿಲರೇಟರ್ ಒತ್ತಿದ ಹಾಗೆ ಸ್ಪೀಕರಿನಲ್ಲಿ 'ಕುಂಯ್' ಎಂದು ಏರುವ ಶಬ್ದ ಕೇಳಿದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಗಲಾಟೆ ಒಳಗೆ ನುಗ್ಗುತ್ತಿದೆ ಎಂದು ತಿಳಿಯಿರಿ. ಆ ಬೋಲ್ಟು ಬಿಚ್ಚಿ, ಎಮರಿ ಪೇಪರಿನಲ್ಲಿ ತಗಡು ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿ. ಬಾನೆಟ್ಟಿನೊಳಗೆ ಎಂಜಿನ್ನಿನಿಂದ ಬಾಡಿಗೆ ಹೋಗುವ ಹೆಣೆದ ಅರ್ತ್ ಪಟ್ಟಿಯನ್ನೂ ನೋಡಿ. ಬಹಳ ಕಾರುಗಳಲ್ಲಿ ಈ ಎರಡೇ ಕೆಲಸಕ್ಕೆ ಶಬ್ದ ನಿಂತುಹೋಗಿದ್ದನ್ನು ಕಂಡಿದ್ದೇನೆ.

ಏರಿಯಲ್ ವಿಷಯದಲ್ಲಿ ನಮ್ಮ ಊರಿನ ಗುಡ್ಡಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎಫ್‌ಎಂ ಅಲೆ ಹೆಚ್ಚುಕಮ್ಮಿ ನೇರ ಹೋಗುವಂಥದ್ದು, ಗುಡ್ಡ ಅಡ್ಡ ಬಂದರೆ ಅದರ ನೆರಳಿನಲ್ಲಿ ಸಿಗುವುದು ಕಷ್ಟ. ಹಾಗಾಗಿ ಕಣಿವೆಯಲ್ಲಿರುವವರಿಗೆ ಏರಿಯಲ್ಲಿನ ಒಂದೊಂದು ಇಂಚೂ ಮುಖ್ಯ. 103.1ರ ಅಲೆಯ ಉದ್ದ ಸುಮಾರು 2.9 ಮೀಟರ್. ಅದರ ಕಾಲು ಭಾಗ ಎಂದರೆ ಸುಮಾರು 73 ಸೆಂಟಿಮೀಟರ್ ಇದ್ದರೆ ಏರಿಯಲ್ ಚೆನ್ನಾಗಿ ಹಿಡಿಯುತ್ತದೆ. ಹಳೆ ಕಾರಿನ ಎಳೆಯುವ ಏರಿಯಲ್ ಅಷ್ಟು ಉದ್ದ ಬರಬೇಕಾದ್ದು ಅದಕ್ಕೇ. ಕೊಂಬೆ ತಾಗುತ್ತದೆಂದು ಎರಡು ಗೆಣ್ಣು ಮಾತ್ರ ಎಳೆದು, 'ಸ್ಟೇಷನ್ನೇ ಬರುವುದಿಲ್ಲ' ಎನ್ನುವವರು ಬಹಳ ಮಂದಿ. ಪೂರ್ತಿ ಎಳೆಯಿರಿ, ಕಾರು ನಿಲ್ಲಿಸುವಾಗ ಒಣಬಟ್ಟೆಯಲ್ಲಿ ಒರೆಸಿ ಇಳಿಸಿ. ಬುಡದಲ್ಲಿ ನಟ್ಟಿನ ಕೆಳಗೆ ತುಕ್ಕಿದ್ದರೆ ಅದನ್ನೂ ಉಜ್ಜಿ, ಏಕೆಂದರೆ ಏರಿಯಲ್ಲಿಗೂ ಬಾಡಿಯ ಅರ್ತ್ ಬೇಕು. ತಿತಿಮತಿ ದಾಟಿ ಕಾಡಿನ ರಸ್ತೆಯಲ್ಲಿ ಹುಣಸೂರು ಕಡೆ ಹೋಗುವಾಗ ಮಡಿಕೇರಿ ಮಸುಕಾಗಿ ಮೈಸೂರಿನ 100.6 ಬರತೊಡಗುತ್ತದೆ. ಏರಿಯಲ್ ಸರಿ ಮಾಡಿಸಿಕೊಂಡ ಗಿರಾಕಿಗಳಿಗೆ ನಾನು ಆ ದಾರಿಯಲ್ಲಿ ಹೋಗುವಾಗ ಪರೀಕ್ಷೆ ಮಾಡಿ ಎನ್ನುತ್ತೇನೆ.

2018ರ ಆಗಸ್ಟಿನ ಮಳೆ, ಭೂಕುಸಿತ ನೆನಪಿದೆಯಲ್ಲ. ನಮ್ಮ ಮನೆಯಲ್ಲಿ ಕರೆಂಟಿಲ್ಲ, ಮೊಬೈಲು ಸತ್ತು ಬಿದ್ದಿತ್ತು. ಅಪ್ಪನ ಕಾಲದ ಮಾರುತಿಯಲ್ಲಿ ಕೂತು ರೇಡಿಯೋ ವಾರ್ತೆ ಕೇಳಿದೆವು, ಪಕ್ಕದ ಲೈನುಮನೆಯ ತೋಟದ ಕೆಲಸಗಾರರೂ ಬಂದು ಕಾರಿನ ಬಾಗಿಲ ಹತ್ತಿರ ಕೊಡೆ ಹಿಡಿದು ನಿಂತಿದ್ದರು. ಹಳೆ ಸೆಟ್ಟನ್ನು ತೆಗೆದು ಹಾಕುವವರನ್ನು ಕಂಡಾಗ ನನಗೆ ಆ ಸಂಜೆ ಕಣ್ಣಮುಂದೆ ಬರುತ್ತದೆ.

ಇನ್ನು ಫ್ಯೂಸ್. ಸೆಟ್ಟಿನ ಬೆನ್ನಿಗೇ ಒಂದು ಸಣ್ಣ ಫ್ಯೂಸ್ ಇರುತ್ತದೆ, ಬಹುಪಾಲು 10 ಆಂಪಿಯರ್‌ನದು. ಹೋದರೆ ಅಷ್ಟೇ ಆಂಪಿಯರ್‌ನದು ಹಾಕಿ. ಸಿಗರೇಟಿನ ಬೆಳ್ಳಿಕಾಗದ ಸುತ್ತಿ ಓಡಿಸಿದ ಕಾರೊಂದು ನನ್ನ ಬಳಿ ಬಂದಾಗ ಡ್ಯಾಶ್‌ಬೋರ್ಡಿನ ಒಳಗೆ ವೈರುಗಳ ಮೇಲಿನ ಪ್ಲಾಸ್ಟಿಕ್ ಕರಗಿ ಒಂದಕ್ಕೊಂದು ಅಂಟಿಕೊಂಡಿತ್ತು. ದೇವರ ದಯೆ, ಬೆಂಕಿ ಹತ್ತಲಿಲ್ಲ.

ಹಳದಿ ವೈರು, ಕೆಂಪು ವೈರು ಬೇರೆ ಬೇರೆ ಯಾಕಿವೆ ಎಂಬುದನ್ನೂ ಕಾರಿನವರು ತಿಳಿದಿರಬೇಕು. ಹಳದಿಗೆ ಬ್ಯಾಟರಿಯಿಂದ ಸದಾ ಕರೆಂಟು ಇರುತ್ತದೆ. ಗಡಿಯಾರ, ಹಿಡಿದಿಟ್ಟ ಸ್ಟೇಷನ್ನುಗಳು ಉಳಿಯುವುದು ಅದರಿಂದ. ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ ಬರುತ್ತದೆ. ಅವಸರದ ಕೆಲಸದವರು ಎರಡನ್ನೂ ಸೇರಿಸಿ ಸದಾ ಕರೆಂಟಿರುವ ವೈರಿಗೆ ಸುತ್ತಿಬಿಡುತ್ತಾರೆ. ಬೆಂಚಿನ ಮೇಲೆ ಪರೀಕ್ಷೆಗೆ ಹಾಗೆ ಮಾಡಬಹುದು, ಕಾರಿನಲ್ಲಿ ಮಾಡಬಾರದು. ಕೀ ತೆಗೆದರೂ ಸೆಟ್ಟು ಮಲಗುವುದಿಲ್ಲ, ಶೆಡ್ಡಿನಲ್ಲಿ ಕೆಲವು ದಿನ ನಿಂತರೆ ಬ್ಯಾಟರಿ ಇಳಿದುಹೋಗುತ್ತದೆ. ಆಮೇಲೆ ಬ್ಯಾಟರಿ ಸರಿ ಇಲ್ಲ ಎಂದು ಹೊಸದು ತರುತ್ತಾರೆ. ಕೋಡ್ ಕೇಳುವ ಸೆಟ್ಟು ನಿಮ್ಮದಾದರೆ ಬ್ಯಾಟರಿ ಬಿಚ್ಚುವ ಮುಂಚೆ ಆ ಕೋಡ್ ಸಂಖ್ಯೆ ಕೈಯಲ್ಲಿರಲಿ. ಕಾರಿನ ಪುಸ್ತಕದಲ್ಲಿ ಅಥವಾ ಅದರ ಜೊತೆ ಕೊಟ್ಟ ಕಾರ್ಡಿನಲ್ಲಿ ಬರೆದಿರುತ್ತದೆ.

ಸ್ಪೀಕರುಗಳ ವಿಷಯ ಸ್ವಲ್ಪದರಲ್ಲಿ ಹೇಳುತ್ತೇನೆ. ಬಾಗಿಲಿನ ಒಳಗೆ ಮಳೆನೀರು ಇಳಿಯುವುದು ಸಹಜ, ಕೆಳಗಿನ ಸಣ್ಣ ತೂತುಗಳಿಂದ ಹೊರಗೆ ಹೋಗಬೇಕು. ನಮ್ಮ ಕೆಂಪುಮಣ್ಣಿನ ಕೆಸರು ಆ ತೂತುಗಳನ್ನು ಮುಚ್ಚುತ್ತದೆ. ಮಳೆಗಾಲಕ್ಕೆ ಮುಂಚೆ ಒಂದು ಕಡ್ಡಿಯಲ್ಲಿ ಬಿಡಿಸಿ. ಬಾಗಿಲಿನ ಕವರಿನ ಹಿಂದೆ ಇರುವ ಪ್ಲಾಸ್ಟಿಕ್ ಹಾಳೆಯನ್ನು ಸ್ಪೀಕರ್ ಹಾಕುವವರು ಹರಿದು ಎಸೆಯದಂತೆ ನೋಡಿಕೊಳ್ಳಿ, ಕಾಗದದ ಕೋನ್ ಒದ್ದೆಯಾಗದಂತೆ ಕಾಯುವುದು ಅದೇ. 4 ಓಮ್‌ನ ಸೆಟ್ಟಿಗೆ ಒಂದೇ ಜೋಡಿ ವೈರಿನಲ್ಲಿ ಎರಡು ಸ್ಪೀಕರ್ ಪಕ್ಕಪಕ್ಕ ಸಿಕ್ಕಿಸಿದರೆ ಹೊರೆ 2 ಓಮ್‌ಗೆ ಇಳಿದು ಸೆಟ್ಟು ವಿಪರೀತ ಬಿಸಿಯಾಗುತ್ತದೆ. 1990ರ ದಶಕದಿಂದೀಚಿನ ಹೆಚ್ಚಿನ ಸೆಟ್ಟುಗಳಲ್ಲಿ ಸ್ಪೀಕರಿನ ಎರಡು ವೈರುಗಳಲ್ಲಿ ಯಾವುದೂ ಬಾಡಿಗೆ ತಾಕಬಾರದು. ತಾಕಿದರೆ ಶಬ್ದ ದೊಡ್ಡದು ಮಾಡುವ ಒಳಗಿನ ಐಸಿ (ಚಿಪ್) ಸುಡುತ್ತದೆ.

ಕ್ಯಾಸೆಟ್ ಇರುವ ಸೆಟ್ಟಿನವರಿಗೆ ಇನ್ನೂ ನಾಲ್ಕು ಮಾತು. ಕಾರು ಆಫ್ ಮಾಡುವ ಮುಂಚೆ ಕ್ಯಾಸೆಟ್ ಹೊರಗೆ ತೆಗೆಯಿರಿ. ಹಳೆಯ ಯಂತ್ರಗಳಲ್ಲಿ ರಬ್ಬರ್ ಉರುಳೆ ಉಕ್ಕಿನ ಕಡ್ಡಿಗೆ ಒತ್ತಿಕೊಂಡೇ ನಿಲ್ಲುತ್ತದೆ. ಹಾಗೇ ತಿಂಗಳು ಬಿಟ್ಟರೆ ರಬ್ಬರಿನಲ್ಲಿ ಗುಳಿ ಬೀಳುತ್ತದೆ, ಹಾಡು ಅಲೆಯಲೆಯಾಗಿ ಎಳೆಯುತ್ತದೆ. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಒಂದೇ ಸಮ ಓಡಬೇಕು, ಸ್ವಲ್ಪ ಏರುಪೇರಾದರೂ ಕಿವಿಗೆ ಗೊತ್ತಾಗುತ್ತದೆ. ಟೇಪಿನಿಂದ ಹಾಡು ಓದುವ ಹೆಡ್ಡಿನ ಮೇಲೆ ಕಂದು ಪುಡಿ ಕೂತರೆ ಹಾಡು ಕಂಬಳಿ ಹೊದ್ದಂತೆ ಮಂಕಾಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲನ್ನು ಹತ್ತಿಯ ಕಡ್ಡಿಗೆ ತಾಗಿಸಿ ಹೆಡ್ಡು, ಉಕ್ಕಿನ ಕಡ್ಡಿ ಎರಡನ್ನೂ ಒರೆಸಿ. ರಬ್ಬರಿಗೆ ಬರಿ ಒದ್ದೆ ಬಟ್ಟೆ ಸಾಕು. ಕೊರೋನಾ ಬಂದು ಹೋದ ಮೇಲೆ ಮನೆಯಲ್ಲಿ ಉಳಿದ ಸ್ಯಾನಿಟೈಸರಿನಲ್ಲಿ ಒರೆಸಿ ತಂದವರಿದ್ದಾರೆ. ಅದರಲ್ಲಿ ಕೈ ಒಣಗದಿರಲೆಂದು ಗ್ಲಿಸರಿನ್ ಸೇರಿಸಿರುತ್ತಾರೆ, ಅಂಟು ಕೂರುತ್ತದೆ. ಪೆಟ್ರೋಲು, ಥಿನ್ನರು ಬೇಡವೇ ಬೇಡ.

ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಹಾಗೇ ಸೆಟ್ಟಿಗೆ ಹಾಕಬೇಡಿ, ಹೆಡ್ಡಿಗೂ ಮುಂದೆ ಹಾಕುವ ಕ್ಯಾಸೆಟ್ಟಿಗೂ ಅದು ಹರಡುತ್ತದೆ. ಒಣಗಲೆಂದು ಒಲೆಯ ಮೇಲಿನ ಅಟ್ಟದಲ್ಲಿ ಇಡುವ ಅಭ್ಯಾಸ ನಮ್ಮಲ್ಲಿದೆ. ಹೊಗೆ ಮತ್ತು ಕಾವಿಗೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮನೆಯೊಳಗಿಡಿ. ಫೋನಿನ ಹಾಡು ಬೇಕೆನ್ನುವ ಮಕ್ಕಳಿಗೆ ಕ್ಯಾಸೆಟ್ ಆಕಾರದ ಅಡಾಪ್ಟರ್ ಸಿಗುತ್ತದೆ. ಅದನ್ನು ಸೆಟ್ಟಿಗೆ ಹಾಕಿ ಅದರ ವೈರನ್ನು ಹೆಡ್‌ಫೋನ್ ತೂತಿರುವ ಫೋನಿಗೆ ಸಿಕ್ಕಿಸಿದರೆ ಆಯಿತು, ಏನನ್ನೂ ಕತ್ತರಿಸಬೇಕಾಗಿಲ್ಲ.

ಹೊಸ ಸ್ಕ್ರೀನ್ ಹಾಕಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಹಿಂದೆ ನೋಡುವ ಕ್ಯಾಮೆರಾ ವಯಸ್ಸಾದವರಿಗೆ ಉಪಕಾರವೇ. ನನ್ನ ಬೇಡಿಕೆ ಎರಡೇ. ಅಂಗಡಿಯವರು ಕಾರಿನ ಕಪ್ಲರ್, ಅಂದರೆ ವೈರುಗಳನ್ನೆಲ್ಲ ಒಟ್ಟಿಗೆ ಸೆಟ್ಟಿಗೆ ಸಿಕ್ಕಿಸುವ ಪ್ಲಗ್, ಕತ್ತರಿಸದಿರಲಿ. ಕಾರಿನ ಕಪ್ಲರಿಗೂ ಹೊಸ ಸೆಟ್ಟಿಗೂ ನಡುವೆ ಹಾಕುವ ಜೋಡಣೆ ವೈರು ಬಹಳ ಕಾರುಗಳಿಗೆ ಸಿಗುತ್ತದೆ. ಅದನ್ನು ಹಾಕಿದರೆ ನಾಳೆ ಹಳೇದನ್ನು ಮತ್ತೆ ಕೂರಿಸಬಹುದು, ಇನ್ಸುಲೇಷನ್ ಟೇಪು ಸುತ್ತಿದ ವೈರಿನ ಗಂಟುಗಳಿಂದ ಶಾರ್ಟ್ ಆಗುವ ಭಯವೂ ಇಲ್ಲ. ಎರಡನೆಯದು, ಬಿಚ್ಚಿದ ಸೆಟ್ಟನ್ನು ಕಾರಿನವರ ಕೈಗೆ ಕೊಡಲಿ. ಕೊಡದಿದ್ದರೆ ಕಾರಿನವರು ಕೇಳಿ ತೆಗೆದುಕೊಳ್ಳಲಿ. ಅದು ಅವರ ಸೊತ್ತು.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಆ ಚೀಲದ ಏಳನೆಯ ಸೆಟ್ಟು ಕಾರಣ. ಅದರ ಬಾಯಲ್ಲಿ ಒಂದು ಕ್ಯಾಸೆಟ್ ಸಿಕ್ಕಿಕೊಂಡಿತ್ತು. ಎಳೆದರೆ ಟೇಪು ಹರಿಯುತ್ತದೆ. ಮೇಲಿನ ತಗಡಿನ ನಾಲ್ಕು ಸ್ಕ್ರೂ ಬಿಚ್ಚಿ ಟಾರ್ಚ್ ಹಿಡಿದು ನೋಡಿದೆ. ಟೇಪು ರಬ್ಬರ್ ಉರುಳೆಗೆ ಹತ್ತಾರು ಸುತ್ತು ಬಿಗಿಯಾಗಿ ಸುತ್ತಿಕೊಂಡು, ಅಂಚು ಜಡೆಯ ಹಾಗೆ ಹೆಣೆದುಕೊಂಡಿತ್ತು. ಅಡಿಯ ಚಕ್ರವನ್ನು ಬೆರಳಿನಲ್ಲಿ ಹಿಂದಕ್ಕೆ ಒಂದೊಂದು ಹಲ್ಲಿನಷ್ಟು ತಿರುಗಿಸುತ್ತ, ಬಿಡಿಸಿದ ಟೇಪನ್ನು ಪೆನ್ಸಿಲಿಗೆ ಸುತ್ತುತ್ತ ಹೋದೆ. ಬೆಳಗಿನ ಜಾವ ಎರಡು ಗಂಟೆಯಾಯಿತು. ಒಂದು ಗೇಣಿನಷ್ಟು ಟೇಪು ಸುಕ್ಕಾಗಿದೆ, ಹರಿದಿಲ್ಲ. ಅದು 60 ನಿಮಿಷದ ಕ್ಯಾಸೆಟ್. 90 ನಿಮಿಷದ್ದಾಗಿದ್ದರೆ ಟೇಪು ಇನ್ನೂ ತೆಳ್ಳಗಿರುತ್ತಿತ್ತು, ಉಳಿಯುತ್ತಿರಲಿಲ್ಲವೇನೋ.

ಮಾರನೆಯ ದಿನ ಹೆಡ್ಡು ಒರೆಸಿದ ಒಂದು ಒಳ್ಳೆಯ ಡೆಕ್ಕಿನಲ್ಲಿ ಹಾಕಿದೆ. ಸಿನಿಮಾ ಹಾಡು ಇರಬಹುದು ಅಂದುಕೊಂಡಿದ್ದೆ. ದುಡಿ ಎಂಬ ಕೊಡವರ ಸಣ್ಣ ಚರ್ಮವಾದ್ಯದ ಸದ್ದು ಬಂತು. ಯಾರದೋ ಮದುವೆಮನೆಯಲ್ಲಿ ಮನೆಯವರೇ ಹಿಡಿದಿಟ್ಟ ಬಾಳೋಪಾಟ್, ದುಡಿ ಬಾರಿಸುತ್ತ ಹಾಡುವ ಕೊಡವ ಹಾಡು. ನಾಲ್ಕು ಜನ ಗಂಡಸರು ಹಾಡುತ್ತಾರೆ, ಅವರಲ್ಲಿ ಒಬ್ಬರದು ಬಹಳ ವಯಸ್ಸಾದ ಗಂಟಲು, ಉಳಿದವರು ಆ ಧ್ವನಿಗಾಗಿ ಕಾದು ಆಮೇಲೆ ಸೇರಿಕೊಳ್ಳುತ್ತಾರೆ. ನನ್ನ ಮನೆಮಾತು ಅರೆಭಾಷೆ, ಆದರೂ ಕೊಡವ ತಕ್ಕ್ ಕೇಳಿ ಕೇಳಿ ತಿಳಿಯುತ್ತದೆ. ಹಿಂದೆ ಪಾತ್ರೆಗಳ ಸದ್ದಿದೆ, ಮಗುವೊಂದು ಅಳುತ್ತದೆ, ಎರಡನೆಯ ಬದಿಯ ಕೊನೆಗೆ ಹೆಂಚಿನ ಮೇಲೆ ಮಳೆ ಶುರುವಾಗುತ್ತದೆ. ಕ್ಯಾಸೆಟ್ಟಿನ ಮೇಲೆ ಶಾಯಿಯಲ್ಲಿ ಬರೆದದ್ದು ನೀರಿಗೆ ಅಳಿಸಿ, '94' ಎಂಬ ಅಂಕಿ ಮಾತ್ರ ಓದಲು ಬರುತ್ತದೆ. ಗುಜರಿಯವರಿಗೆ ಆ ಸೆಟ್ಟು ಯಾವ ಅಂಗಡಿಯಿಂದ ಬಂತೆಂಬ ನೆನಪಿಲ್ಲ.

ಆ ಮನೆಯವರು ಈ ಪತ್ರ ಓದುತ್ತಿದ್ದರೆ ದಯವಿಟ್ಟು ಬನ್ನಿ. ಸೆಟ್ಟು ಕಪ್ಪು ಬಣ್ಣದ್ದು, ಎಡಗಡೆಯ ತಿರುಗಿಸುವ ಗುಬ್ಬಿ (ನಾಬ್) ಮುರಿದು ಹೋಗಿ ಅದರ ಬದಲು ಬೇರೆ ಬಿಳಿಯ ಗುಬ್ಬಿ ಹಾಕಿದ್ದಾರೆ. ಅದರ ರಬ್ಬರ್ ಬೆಲ್ಟ್ ಬದಲಿಸಿ ಇಟ್ಟಿದ್ದೇನೆ, ಈಗ ಓಡುತ್ತದೆ. ಕ್ಯಾಸೆಟ್ಟನ್ನು ಡಬ್ಬಿಯಲ್ಲಿ ಬೇರೆಯಾಗಿ ಇಟ್ಟಿದ್ದೇನೆ, ಇನ್ನೊಮ್ಮೆ ಹಾಕಿಲ್ಲ. ನನ್ನ ವಿಳಾಸವನ್ನು ಪತ್ರಿಕೆಯ ಕಚೇರಿಗೆ ಕೊಟ್ಟಿರುತ್ತೇನೆ. ದುಡ್ಡೇನೂ ಬೇಡ. ರೇಡಿಯೋ ಬಂದ ಐದರಲ್ಲಿ ಉಳಿದ ನಾಲ್ಕು ಸೆಟ್ಟುಗಳೂ ಶೆಲ್ಫಿನ ಮೇಲಿವೆ, ಗುರುತು ಹಿಡಿದವರು ಒಯ್ಯಬಹುದು.

ಇಂತಿ,
ಒಬ್ಬ ಆಟೊ ಎಲೆಕ್ಟ್ರಿಷಿಯನ್, ಗೋಣಿಕೊಪ್ಪಲು