ಜಪಾನಿನವರ ‘ಪರವಾಗಿಲ್ಲ’

ಅಮ್ಮಾ,

ಎಲ್ಲಾ ಹೇಗಿದೀರ? ಅಪ್ಪನ ಮಂಡಿನೋವು ಕಡಿಮೆ ಆಯ್ತಾ? ನಾನು ಆರಾಮಿದೀನಿ, ಟೋಕಿಯೋದ ಈ ನಿಶಿಕಸಾಯ್‌ನಲ್ಲಿ ನಮ್ಮೋರು ಜಾಸ್ತಿ ಅಲ್ವಾ, ತೊಗರಿಬೇಳೆ ಇಂಗು ಎಲ್ಲಾ ಸಿಗುತ್ತೆ.

ಮೊನ್ನೆ ರಾತ್ರಿ ಆಫೀಸಿಂದ ಬರ್ತಾ ಅಂಗಡೀಲಿ ಒಂದು ಬೆಂಟೊ, ಅಂದ್ರೆ ಊಟದ ಡಬ್ಬಿ ತಗೊಂಡೆ, ಕೌಂಟರ್ ಹುಡುಗ "ಅತತಮೆಮಾಸ್ ಕಾ" ಅಂದ, ಬಿಸಿ ಮಾಡ್ಲಾ ಅಂತ, ನಾನು ಕ್ಲಾಸಲ್ಲಿ ಕಲ್ತಿದ್ದು ತೋರಿಸ್ಬೇಕಲ್ಲ, "ದಾಯ್ಜೋಬು ದೆಸ್" ಅಂದೆ, ದಾಯ್ಜೋಬು ಅಂದ್ರೆ ಓಕೆ ಅಂತ ತಾನೆ ಹೇಳ್ಕೊಟ್ಟಿದ್ದು, ಅವನು ತಲೆಬಾಗಿ ಆ ತಣ್ಣನೆ ಡಬ್ಬಿನ ಹಾಗೇ ಕೈಗಿಟ್ಟ. ಕವರೂ ಇಲ್ಲ. 2020ರ ಜುಲೈಯಿಂದ ಇಲ್ಲಿ ಪ್ಲಾಸ್ಟಿಕ್ ಕವರ್‌ಗೆ ದುಡ್ಡು, ಹಾಗಾಗಿ ಬೇಕಾ ಅಂತ ಕೇಳ್ತಾರೆ, ಅದಕ್ಕೂ ನಾನು ಅದೇ ದಾಯ್ಜೋಬು ಒದರಿದ್ದೆ. ಐಸ್ ಥರ ಇದ್ದ ಅನ್ನ ತಿಂದೆ ಅವತ್ತು.

ಮಾರನೇ ದಿನ ಆಫೀಸಲ್ಲಿ ಹೇಳಿದ್ರೆ ಎಲ್ರೂ ನಕ್ಕಿದ್ದೇ ನಕ್ಕಿದ್ದು. ಏನಾದ್ರೂ ಕೊಡ್ಲಾ, ಮಾಡ್ಲಾ ಅಂತ ಕೇಳಿದಾಗ ದಾಯ್ಜೋಬು ಅಂದ್ರೆ ಬೇಡ ಅಂತಂತೆ, ಬೇಕಿದ್ರೆ "ಒನೆಗಾಯ್ ಶಿಮಾಸ್" ಅನ್ಬೇಕು. ಅದೇ ಯಾರಾದ್ರೂ ಎಡವಿ ಬಿದ್ರೆ "ದಾಯ್ಜೋಬು?" ಅಂದ್ರೆ ಏನೂ ಆಗ್ಲಿಲ್ಲ ತಾನೆ ಅಂತ. ಹೋಟೆಲಲ್ಲಿ ನಾನು ವೆಜ್ ಅಂದ್ರೆ, ಸೂಪಲ್ಲಿ ದಾಶಿ, ಅಂದ್ರೆ ಮೀನಿನ ರಸ ಇದೆ, ದಾಯ್ಜೋಬು? ಅಂತಾರೆ, ಅಲ್ಲಿ ದಾಯ್ಜೋಬು ಅಂದ್ರೆ ಸರಿ ಅಂತ, ಹುಷಾರಾಗಿರ್ಬೇಕು!

ಯೋಚ್ನೆ ಮಾಡಿದ್ರೆ ಇದು ನಮ್ಮ ‘ಪರವಾಗಿಲ್ಲ’ನೇ ಅಲ್ವಾ. ಕಾಲು ತುಳಿದ್ರೂ ಪರವಾಗಿಲ್ಲ, ಮಾರ್ಕ್ಸ್ ಚೆನ್ನಾಗಿ ಬಂದ್ರೂ ಪರವಾಗಿಲ್ವೇ, ಇನ್ನೊಂಚೂರು ಸಾರು ಅಂದ್ರೂ ಪರವಾಗಿಲ್ಲ ಬಿಡಿ. ಆದ್ರೆ ನಮ್ಮನೇಲಿ ಪರವಾಗಿಲ್ಲ ಅಂದೋರ ಎಲೆಗೆ ಅಜ್ಜಿ ಎರಡು ಸೌಟು ಜಾಸ್ತೀನೇ ಬಡಿಸ್ತಾರೆ, ಇಲ್ಲಿ ಒಂದ್ಸಲ ಅಂದ್ರೆ ಮುಗೀತು, ಎರಡನೇ ಸಲ ಯಾರೂ ಕೇಳಲ್ಲ.

ಅಜ್ಜಿಗೆ ಇದನ್ನ ಹೇಳು, ಆ ಪದ ಬರೆಯೋದು ಮೂರು ಅಕ್ಷರದಲ್ಲಿ, ದಾಯ್ ಅಂದ್ರೆ ದೊಡ್ಡ, ಜೋ ಒಂದು ಹಳೇ ಅಳತೆ, ಬು ಅಂದ್ರೆ ಗಂಡಸು. ಚೀನಾದಿಂದ ಬಂದಿದ್ದು, ಬೌದ್ಧ ಗ್ರಂಥಗಳಲ್ಲಿ ನಮ್ಮ ಸಂಸ್ಕೃತದ ‘ಮಹಾಪುರುಷ’ಕ್ಕೆ ಇದನ್ನೇ ಹಾಕಿದಾರೆ. ಬುದ್ಧನಂಥೋರಿಗೆ ಹೇಳ್ತಿದ್ದ ಮಾತನ್ನ ನಾನು ಪ್ಲಾಸ್ಟಿಕ್ ಕವರ್ ಬೇಡ ಅನ್ನೋಕೆ ಬಳಸ್ತಿದೀನಿ ನೋಡು.

ಹೋದ ವಾರ ಫೋನಲ್ಲಿ ನೀನು ಚಟ್ನಿಪುಡಿ ಕಳಿಸ್ಲಾ ಅಂದೆ, ನಾನು ಪರವಾಗಿಲ್ಲ ಅಂದಿದ್ದೆ ಅಲ್ವಾ, ಅದು ಜಪಾನಿನ ಪರವಾಗಿಲ್ಲ ಅಲ್ಲಮ್ಮ, ನಮ್ಮನೇದು. ಕಳಿಸು.

ನಿನ್ನ ಮಗ