ರಾತ್ರಿ ಪಾಳಿಯ ಸಂಬಳ ಕೊಟ್ಟವರಿಗೆ

ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಭಾಮರಾಗಡದ ಕಡೆ ಒಂದು ಸೇವಾ ಆಸ್ಪತ್ರೆಯಿದೆ. ಅದರ ಹೆರಿಗೆ ವಾರ್ಡಿನಲ್ಲಿ ಈ ಮಳೆಗಾಲದ ಒಂದು ರಾತ್ರಿಯೂ ನರ್ಸ್ ಇಲ್ಲದೆ ಕಳೆಯಲಿಲ್ಲ. ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಕನ್ನಡ ಮಹಿಳೆಯರ ಬಳಗ ಆ ನರ್ಸ್‌ಗಳ ಸಂಬಳಕ್ಕೆ ಹಣ ಕೂಡಿಸಿತು, ಕೈಹಾಕಿದ್ದು ಇಷ್ಟೇ ಕೆಲಸಕ್ಕೆ. ಅದನ್ನು ನೆರವೇರಿಸಿಕೊಟ್ಟವರಿಗೆ ಕೈಮುಗಿದು ಈ ನಾಲ್ಕು ಮಾತು.

ಕಟ್ಟಡಕ್ಕೆ ಹಣ ಎತ್ತುವುದು ಸುಲಭ. ಫ್ಯಾನಿನ ರೆಕ್ಕೆಯ ಮೇಲೂ ದಾನಿಯ ಹೆಸರು ಬರೆಸುವ ಜನ ನಾವು. ಸಂಬಳಕ್ಕೆಂದು ಕೇಳಿ ನೋಡಿ, "ತಿಂಗಳು ತಿಂಗಳೂ ಕೊಡಬೇಕೇ? ಸರಕಾರ ಏನು ಮಾಡುತ್ತಿದೆ?" ಎನ್ನುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ, ಸರಕಾರವನ್ನು ಕೇಳುತ್ತಲೇ ಇರಬೇಕು. ಉತ್ತರ ಬರುವ ತನಕ ನಡುರಾತ್ರಿ ಬಂದ ಬಸುರಿಯನ್ನು ಯಾರು ನೋಡಬೇಕು?

ವಾರಕ್ಕೆ 168 ಗಂಟೆ. ಒಬ್ಬ ನರ್ಸ್ 48 ಗಂಟೆ ದುಡಿದರೂ ಒಂದೇ ಜಾಗ ತುಂಬಲು ಮೂವರು ಸಾಲುವುದಿಲ್ಲ. ರಜೆ, ಜ್ವರ ಎಲ್ಲ ಹಿಡಿದರೆ ನಾಲ್ವರೋ ಐವರೋ ಬೇಕು. ಹೆರಿಗೆಯ ಹೊತ್ತಿಗಂತೂ ತಾಯಿಗೊಬ್ಬರು, ಮಗುವಿಗೊಬ್ಬರು. ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಚುಚ್ಚಬೇಕು. ಆ ಮದ್ದು 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ರಕ್ತಸ್ರಾವ ನಿಲ್ಲದಿದ್ದರೆ ಒಂದೆರಡು ಗಂಟೆಯಲ್ಲೇ ಜೀವಕ್ಕೆ ಕುತ್ತು. ಅಲ್ಲಿಂದ ಜಿಲ್ಲಾ ಕೇಂದ್ರ 150 ಕಿ.ಮೀ.ಗೂ ದೂರ, ಪರ್ಲಕೋಟಾ ನದಿ ಉಕ್ಕಿದರೆ ಆ ದಾರಿಯೂ ಇಲ್ಲ. 2018-20ರ ಲೆಕ್ಕದಲ್ಲಿ ಮಹಾರಾಷ್ಟ್ರದಲ್ಲಿ ಲಕ್ಷ ಜೀವಂತ ಜನನಕ್ಕೆ 33 ತಾಯಂದಿರ ಸಾವು, ದೇಶದಲ್ಲಿ 97. ಹೆಮ್ಮೆಪಡಬಹುದು. ಆದರೆ ಆ ಸರಾಸರಿಯೊಳಗೆ ಮುಂಬಯಿಯೂ ಇದೆ, ಭಾಮರಾಗಡವೂ ಇದೆ.

ಠಾಣೆಯ ಹೋಟೆಲ್ ಮಾಲೀಕರೊಬ್ಬರು ಫಲಕ ಬೇಡ, ಹೆಸರು ಬೇಡ ಎಂದು ಮೊದಲೇ ಕರಾರು ಹಾಕಿ ಒಬ್ಬ ನರ್ಸಿನ ವರ್ಷದ ಸಂಬಳ ಹೊತ್ತರು. ಅಣ್ಣಾ, ಕರಾರಿನಂತೆ ಹೆಸರು ಬರೆದಿಲ್ಲ, ನೋಡಿಕೊಳ್ಳಿ. ಸಂಕ್ರಾಂತಿಯ ಅರಿಶಿನ-ಕುಂಕುಮಕ್ಕೆ ಸ್ಟೀಲ್ ಡಬ್ಬಿ ಹಂಚುವುದನ್ನು ಬಿಟ್ಟು ಆ ದುಡ್ಡನ್ನು ನಮಗೆ ಕೊಟ್ಟ ಮನೆಗಳು ಹಲವು. ಮನೆಯಲ್ಲಿ ಡಬ್ಬಿ ಇಡಲು ಜಾಗವೂ ಇರಲಿಲ್ಲವೆನ್ನಿ.

ನಗರಪಾಲಿಕೆ ಆಸ್ಪತ್ರೆಯಿಂದ ನಿವೃತ್ತರಾದ ನಮ್ಮ ನರ್ಸ್ ಅಕ್ಕನ ಋಣ ಬೇರೆಯದೇ. ನಾವು ಹೊಸ ಮಂಚ, ಬಾಣಂತಿಯರಿಗೆ ಸೀರೆ ಎಂದು ಪಟ್ಟಿ ಹಿಡಿದು ಕೂತಿದ್ದಾಗ ಅವರು ಅದನ್ನು ಪಕ್ಕಕ್ಕಿಟ್ಟರು. "ಹುಡುಗಿಯರು ಸಂಬಳ ಸಾಲದೆ ಬಿಟ್ಟು ಹೋಗುವುದಕ್ಕಿಂತ ಕೋಣೆಗೆ ಚಿಲಕವಿಲ್ಲ, ಶೌಚಾಲಯದಲ್ಲಿ ನೀರಿಲ್ಲ ಎಂದು ಹೋಗುವುದು ಹೆಚ್ಚು. ಮೊದಲು ಕ್ವಾರ್ಟರ್ಸ್ ನೋಡಿ" ಎಂದರು. ಚಿಲಕ, ನೀರಿನ ಟ್ಯಾಂಕ್, ಸೌರದೀಪ ಹಾಕಿಸಿದೆವು. ಆಮೇಲೆ ಯಾರೂ ಕೆಲಸ ಬಿಟ್ಟಿಲ್ಲ.

ದೊಡ್ಡ ನಮಸ್ಕಾರ ಆ ನರ್ಸ್‌ಗಳಿಗೇ. ಅವರಲ್ಲಿ ಅಲ್ಲಿನ ಆದಿವಾಸಿಗಳ ಮಾಡಿಯಾ ಮಾತು ಬಲ್ಲ ಸ್ಥಳೀಯ ಹುಡುಗಿಯರೂ ಇದ್ದಾರೆ. ನೋವು ತಿನ್ನುತ್ತಿರುವವಳಿಗೆ ಅರಿಯದ ಮರಾಠಿಯಲ್ಲಿ ಧೈರ್ಯ ಹೇಳಿದರೆ ಯಾರಿಗೆ ಮುಟ್ಟುತ್ತದೆ? ಬಾಣಂತಿಯರಿಗೆಂದು ನಾವು ಕಳುಹಿಸಿದ ಅಂಟಿನುಂಡೆಯಲ್ಲಿ ಅರ್ಧ ರಾತ್ರಿ ಪಾಳಿಯವರೇ ತಿಂದರಂತೆ. ತಿನ್ನಲಿ, ಇನ್ನೂ ಕಳುಹಿಸುತ್ತೇವೆ.

ಮುಂದಿನ ವರ್ಷಕ್ಕೆ ಮೂವರ ಸಂಬಳದ ಮಾತು ಕೊಟ್ಟವರಿದ್ದಾರೆ, ನಾಲ್ಕನೆಯವರದು ಬಾಕಿಯಿದೆ. ದೇಣಿಗೆಗೆ ಆದಾಯ ತೆರಿಗೆ ರಿಯಾಯಿತಿ ಪಡೆಯುವ 80ಜಿ ರಸೀದಿ ಇನ್ನೂ ಕೈಸೇರದವರು ನಮ್ಮ ಖಜಾಂಚಿಯವರನ್ನು ಕೇಳಿ ಪಡೆಯಬೇಕು.