ಔಷಧಿ ಕೈಪಿಡಿ ಅಚ್ಚಾಯಿತು, ಫಾರ್ಮಸಿ ಅಕ್ಕನಿಗೆ ನಾಲ್ಕು ಮಾತು

ವ್ಯಾಸ್ಕುಲೈಟಿಸ್, ಅಂದರೆ ರಕ್ತನಾಳಗಳ ಉರಿಯೂತ, ಇರುವವರಿಗಾಗಿ ನಮ್ಮ ಗುಂಪು ಸಿದ್ಧಪಡಿಸುತ್ತಿದ್ದ ಔಷಧಿ ಕೈಪಿಡಿ ಕೊನೆಗೂ ಅಚ್ಚಾಗಿ ಬಂದಿದೆ. ಕರಡು ತಿದ್ದಿದ ಸಂಧಿವಾತ ತಜ್ಞರು, ಕಣ್ಣಿನ ಡಾಕ್ಟರು, ಕಾಗುಣಿತ ನೋಡಿಕೊಟ್ಟ ಮೇಷ್ಟ್ರು, ಮನೆಮಂದಿ, ಎಲ್ಲರಿಗೂ ನಮಸ್ಕಾರ. ಇನ್ನು ಬರೆಯುವುದೆಲ್ಲ ಫಾರ್ಮಸಿ ಅಕ್ಕನ ಬಗ್ಗೆ.

ನಮ್ಮ ಕಾಯಿಲೆಗೆ ಕೊಡುವ ಔಷಧಿಗಳಲ್ಲಿ ಎಷ್ಟೋ ಬೇರೆ ಕಾಯಿಲೆಗೆಂದು ಬಂದವು. ರಿಟುಕ್ಸಿಮ್ಯಾಬ್‌ಗೆ ಅಮೆರಿಕದಲ್ಲಿ 1997ರಲ್ಲಿ ಒಪ್ಪಿಗೆ ಸಿಕ್ಕಿದ್ದು ಲಿಂಫೋಮಾ ಎಂಬ ಕ್ಯಾನ್ಸರಿಗೆ. ನಮ್ಮ ಕಾಯಿಲೆಯ ಬಗೆಗಳಾದ ಜಿಪಿಎ, ಎಂಪಿಎಗೆ ಸಿಕ್ಕಿದ್ದು 2011ರಲ್ಲಿ. ಕಾಲ್ಚಿಸಿನ್ ಕೀಲುನೋವಿನ ಕಾಯಿಲೆ ಗೌಟ್‌ನದು, ಡ್ಯಾಪ್ಸೋನ್ ಕುಷ್ಠದ್ದು. ಡಬ್ಬಿಯೊಳಗಿನ ಚೀಟಿ ಇನ್ಯಾರಿಗೋ ಬರೆದದ್ದು. ಅದನ್ನೋದಿ ಹೆದರಿ ಮಾತ್ರೆ ಬಿಟ್ಟವರು ನಮ್ಮಲ್ಲೇ ಇದ್ದಾರೆ. ಅಕ್ಕ ಯಾರಿಗೂ ಬರೀ ಧೈರ್ಯ ಹೇಳಿ ಕಳಿಸಲಿಲ್ಲ. ಈ ಮಾತ್ರೆ ಕೆಲಸ ಮಾಡಿದರೆ ಪ್ರೆಡ್ನಿಸಲೋನ್ ಎಂಬ ಸ್ಟೀರಾಯ್ಡ್ ಇಳಿಸಬಹುದು, ಅದು ಇಳಿದರೆ ನಿದ್ದೆ, ಮೂಳೆ, ಸಕ್ಕರೆ ಸುಧಾರಿಸುತ್ತವೆ ಎಂದು ಲೆಕ್ಕ ಬಿಡಿಸಿ ಹೇಳಿದರು.

ಕೈಪಿಡಿಯ ಗಟ್ಟಿ ಸಾಲುಗಳೆಲ್ಲ ಅವರವೇ. ಮೆಥೊಟ್ರೆಕ್ಸೇಟ್ ಪುಟದಲ್ಲಿ ‘ವಾರಕ್ಕೊಮ್ಮೆ’ ಎಂದಷ್ಟೇ ಬರೆದರೆ ಒಪ್ಪುತ್ತಿರಲಿಲ್ಲ. ವಾರದ ಹೆಸರು ತುಂಬಲು ಖಾಲಿ ಜಾಗ ಬಿಡಿಸಿದರು. ದಿನಾ ನುಂಗಿದರೆ ಬಾಯೆಲ್ಲ ಹುಣ್ಣು, ಮೂಳೆಮಜ್ಜೆ ಕುಸಿತ, ಜೀವಕ್ಕೇ ಅಪಾಯ. ಮೆಪೊಲಿಜುಮ್ಯಾಬ್ ಆಸ್ತಮಾಕ್ಕೆ 100 ಮಿ.ಗ್ರಾಂ, ನಮ್ಮ ಕಾಯಿಲೆಯ ಇನ್ನೊಂದು ಬಗೆಯಾದ ಇಜಿಪಿಎಗೆ ನಾಲ್ಕು ವಾರಕ್ಕೊಮ್ಮೆ 300, ಅಂದರೆ ಮೂರು ಸೂಜಿ, ಮೂರು ಕಡೆ. ಡಾಕ್ಟರ ಚೀಟಿಯಲ್ಲಿ ಮೂರು ಕಂಡು ಯಾರೋ ತಪ್ಪು ಬರೆದಿದ್ದಾರೆಂದು ಒಂದನ್ನೇ ಕೊಡುವ ಅಂಗಡಿಗಳುಂಟು. ಟೊಸಿಲಿಜುಮ್ಯಾಬ್ ರಕ್ತಪರೀಕ್ಷೆಯಲ್ಲಿ ಉರಿಯೂತ ತೋರಿಸುವ ಸಿಆರ್‌ಪಿಯನ್ನೇ ಅಡಗಿಸುತ್ತದೆ. ಜೈಂಟ್ ಸೆಲ್ ಆರ್ಟರೈಟಿಸ್ (ದೊಡ್ಡ ರಕ್ತನಾಳಗಳ ಉರಿಯೂತ) ಇರುವವರು ರಿಪೋರ್ಟ್ ನಾರ್ಮಲ್ ಎಂದು ನೆಮ್ಮದಿಯಾಗದೆ ಹೊಸ ತಲೆನೋವು, ಅಗಿಯುವಾಗ ದವಡೆ ನೋವು, ಕಣ್ಣು ಮಂಜಾಗುವುದನ್ನು ನೋಡಬೇಕು. ಕಾಲ್ಚಿಸಿನ್ ತಿನ್ನುವವರಿಗೆ ಕ್ಲಾರಿಥ್ರೋಮೈಸಿನ್ ಎಂಬ ಆಂಟಿಬಯೋಟಿಕ್ ಬರೆದ ಚೀಟಿ ಕಂಡರೆ ಡಾಕ್ಟರಿಗೆ ಫೋನ್ ಮಾಡದೆ ಅಕ್ಕ ಔಷಧಿ ಕೊಡುತ್ತಿರಲಿಲ್ಲ.

ಡ್ಯಾಪ್ಸೋನ್ ರಾತ್ರಿಯ ವಿಷಯ ಗುಂಪಿನವರಿಗೆಲ್ಲ ಗೊತ್ತು: ಆ ಮಾತ್ರೆ ತಿನ್ನುತ್ತಿದ್ದ ನಮ್ಮಲ್ಲೊಬ್ಬರಿಗೆ ಹೀಗಾಯಿತು. ತುಟಿ ಬೂದುನೀಲಿ, ಬೆರಳಿನ ಆಕ್ಸಿಮೀಟರ್ 85ರ ಆಸುಪಾಸು, ಆಮ್ಲಜನಕ ಕೊಟ್ಟರೂ ಏರದು. ಶ್ವಾಸಕೋಶದ ಸೋಂಕೇ ಇರಬೇಕೆಂದು ಎಲ್ಲರೂ ಓಡಾಡುತ್ತಿದ್ದಾಗ ಅಕ್ಕ ಫೋನಿನಲ್ಲೇ ಕೇಳಿದ್ದು ಒಂದೇ: ‘ಯಾವ ಮಾತ್ರೆ, ಯಾವತ್ತಿಂದ?’ ಮೆಟ್‌ಹಿಮೋಗ್ಲೋಬಿನ್ (ಆಮ್ಲಜನಕ ಹೊರಲಾರದ ಹಿಮೋಗ್ಲೋಬಿನ್) ಏರಿದಾಗ ಬೆರಳಿನ ಯಂತ್ರ ನಂಬುವಂತಿಲ್ಲ, ರಕ್ತ ತೆಗೆದು ಅದನ್ನು ಅಳೆಯುವ ಕೋ-ಆಕ್ಸಿಮೆಟ್ರಿ ಮಾಡಿಸಿ ಎಂದರು. ಅದಕ್ಕೆ ಮದ್ದಾದ ಮೆಥಿಲೀನ್ ಬ್ಲೂ ಹಾಕುವ ಮೊದಲು ಜಿ6ಪಿಡಿ ಎಂಬ ಕಿಣ್ವದ ಹಳೆಯ ರಿಪೋರ್ಟ್ ಡಾಕ್ಟರ ಕೈಗಿಡಿಸಿದರು. ಆ ಕಿಣ್ವದ ಕೊರತೆ ಇದ್ದವರಲ್ಲಿ ಡ್ಯಾಪ್ಸೋನ್ ರಕ್ತಕಣ ಒಡೆಯುತ್ತದೆ, ಮೆಥಿಲೀನ್ ಬ್ಲೂ ಕೂಡ. ಬೆಳಗಿನ ತನಕ ಫೋನ್ ಇಡಲಿಲ್ಲ.

ಅಕ್ಕ, ಆವತ್ತು ನಮಗೆ ಸಿಟ್ಟಿತ್ತು. ಕಾಯಿಲೆಯ ಮೇಲೆ, ಒಂದು ಸರಿಮಾಡಲು ಇನ್ನೊಂದು ಕೆಡಿಸುವ ಮಾತ್ರೆಗಳ ಮೇಲೆ. ಸಾಕು, ಎಲ್ಲ ನಿಲ್ಲಿಸಿಬಿಡೋಣ ಎಂದು ಅಳುತ್ತಾ ಹೇಳಿದ್ದನ್ನು ನೀವು ತಡೆಯದೆ ಕೇಳಿಸಿಕೊಂಡಿರಿ. ಆಮೇಲೆ, ಡ್ಯಾಪ್ಸೋನ್ ಮಾತ್ರ ನಿಲ್ಲಲಿ, ಪ್ರೆಡ್ನಿಸಲೋನ್ ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೆ ಬರುತ್ತದೆ ಅಂದಿರಿ. ಅದಕ್ಕಿಂತ ದೊಡ್ಡ ಉಪಕಾರ ಇನ್ಯಾವುದೂ ನೆನಪಾಗುತ್ತಿಲ್ಲ.

ನೀವು ಹೇಳಿದಂತೆ ಡ್ಯಾಪ್ಸೋನ್ ಪುಟದ ತಲೆಗೇ ಹಾಕಿದ್ದೇವೆ: ಮೊದಲು ಜಿ6ಪಿಡಿ, ಆಮೇಲೆ ಮಾತ್ರೆ, ಶುರುವಿನ ವಾರಗಳಲ್ಲಿ ಮತ್ತೆ ಮತ್ತೆ ರಕ್ತಪರೀಕ್ಷೆ, ಸಕ್ಕರೆ ಕಾಯಿಲೆ ಇದ್ದವರಿಗೆ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಸುಳ್ಳೇ ಕಡಿಮೆ ತೋರಿಸಬಹುದು, ಗ್ಲೂಕೋಸ್ ನೇರ ನೋಡಿ. ಎರಡನೇ ಮುದ್ರಣಕ್ಕೆ ರೋಗನಿರೋಧಕ ಶಕ್ತಿ ತಗ್ಗಿಸುವ ಅಜಾಥಯೋಪ್ರಿನ್ ಜೊತೆ ಗೌಟ್ ಮಾತ್ರೆ ಅಲೊಪ್ಯೂರಿನಾಲ್ ಬಂದಾಗಿನ ಎಚ್ಚರಿಕೆ ನೀವೇ ಬರೆದುಕೊಡಬೇಕು. ಆ ಪುಟ ಖಾಲಿ ಇಟ್ಟಿದ್ದೇವೆ.